ಶೇ 24.10, 7.25, 5: ನಗರಸಭೆಯ ದುಡ್ಡು ನಿಮ್ಮ ಓಣಿಗೆ ಬರುವ ದಾರಿ

ನಮ್ಮ ಬೀದಿಯಲ್ಲಿ ಬ್ಲೌಸ್ ಹೊಲಿಯುವ ಅಕ್ಕ ಒಬ್ಬರಿದ್ದಾರೆ. ಕಾಲಲ್ಲಿ ತುಳಿಯುವ ಹಳೇ ಮಷೀನು, ಜೊತೆಗೆ ಮಂಡಿನೋವು. ಮೋಟಾರಿನ ಹೊಲಿಗೆ ಯಂತ್ರ ನಗರಸಭೆಯಲ್ಲಿ ಕೊಡ್ತಾರಂತೆ ಎಂದು ಯಾರೋ ಹೇಳಿದ್ದಕ್ಕೆ ಅವರ ಜೊತೆ ನಾನೂ ಕಚೇರಿಗೆ ಹೋಗಿದ್ದೆ. ಮೆಟ್ಟಿಲ ಕೆಳಗಿನ ಫಲಕದಲ್ಲಿ ಪ್ರಕಟಣೆ ಇತ್ತು. ಅದರ ಮೇಲೆ ಟೆಂಡರ್ ನೋಟಿಸೊಂದನ್ನು ಚುಚ್ಚಿದ್ದರು. ನೋಟಿಸ್ ಎತ್ತಿ ನೋಡಿದರೆ, ಅರ್ಜಿಯ ಕೊನೇ ದಿನ ಮೊನ್ನೆಗೇ ಮುಗಿದಿತ್ತು. ‘ಮುಂದಿನ ವರ್ಷ ಬನ್ನಿ ಅಮ್ಮ, ಈ ಸಲದ ಲಿಸ್ಟ್ ಹೆಚ್ಚುಕಮ್ಮಿ ಆಗಿಹೋಗಿದೆ’ ಎಂದರು ಗುಮಾಸ್ತರು. ಎರಡೇ ದಿನಕ್ಕೆ ಲಿಸ್ಟ್ ಹೇಗಾಯಿತು ಎಂದು ವಿಚಾರಿಸುತ್ತಾ ಹೋದಾಗ ಈ ದುಡ್ಡು ನಡೆಯುವ ದಾರಿ ನನಗೆ ಅರ್ಥವಾಯಿತು.

ನಮ್ಮ ಊರುಗಳಲ್ಲಿ ಕಲ್ಯಾಣ ಕಾರ್ಯಕ್ರಮದ ದುಡ್ಡು ಮೂರು ಸಲ ಹಂಚಿಕೆಯಾಗುತ್ತದೆ. ಮೊದಲು ಬಜೆಟ್‌ನಲ್ಲಿ, ಆಮೇಲೆ ಕ್ರಿಯಾ ಯೋಜನೆಯಲ್ಲಿ, ಕೊನೆಗೆ ಫಲಾನುಭವಿಗಳ ಪಟ್ಟಿಯಲ್ಲಿ. ಜನ ಹೋಗುವುದು ಮೂರನೆಯದಕ್ಕೆ. ಅಷ್ಟರಲ್ಲಿ ಯಾವುದಕ್ಕೆ ಎಷ್ಟು ಎಂಬುದು ತೀರ್ಮಾನವಾಗಿರುತ್ತದೆ. ಹಾಗಾಗಿ ಈ ಲೇಖನವನ್ನು ಅರ್ಜಿ ನಮೂನೆಯಿಂದ ಶುರು ಮಾಡುತ್ತಿಲ್ಲ.

ಮೊದಲು ಶೇಕಡಾವಾರು ಲೆಕ್ಕ

ಕರ್ನಾಟಕದ ಯಾವುದೇ ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ, ಮಹಾನಗರ ಪಾಲಿಕೆಯ ಪ್ರಕಟಣೆಯಲ್ಲಿ ಮೂರು ಸಂಖ್ಯೆ ಕಾಣುತ್ತವೆ. ಶೇ 24.10 ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಶೇ 7.25 ಇತರ ವರ್ಗದ ಬಡವರಿಗೆ, ಶೇ 5 ಅಂಗವಿಕಲರಿಗೆ. ಈ 24.10 ಎಲ್ಲಿಂದ ಬಂತು ಎಂದರೆ, 2011ರ ಜನಗಣತಿಯ ಪ್ರಕಾರ ರಾಜ್ಯದ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರು ಶೇ 17.15, ಪರಿಶಿಷ್ಟ ಪಂಗಡದವರು ಶೇ 6.95. ಕೂಡಿದರೆ 24.10. ಅದಕ್ಕೂ ಮೊದಲು ಇದು ಶೇ 22.75 ಇತ್ತು. ಅಂಗವಿಕಲರ ಪಾಲು ಶೇ 3 ಇದ್ದದ್ದು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದ ಮೇಲೆ ಶೇ 5ಕ್ಕೆ ಏರಿತು.

ದುಡ್ಡಿನ ಮೂಲ ಎರಡು. ಒಂದು, ಊರಿನ ಸ್ವಂತ ವರಮಾನ: ನೀವು ಕಟ್ಟುವ ಆಸ್ತಿ ತೆರಿಗೆ, ನೀರಿನ ಬಿಲ್ಲು, ಅಂಗಡಿಗಳ ಟ್ರೇಡ್ ಲೈಸೆನ್ಸ್, ನಗರಸಭೆ ಮಳಿಗೆಗಳ ಬಾಡಿಗೆ. ಎರಡು, ರಾಜ್ಯ ಹಣಕಾಸು ಆಯೋಗದ ಶಿಫಾರಸಿನಂತೆ ಸರ್ಕಾರ ಕೊಡುವ ಅನುದಾನ. ಇದನ್ನು ಕಚೇರಿಯಲ್ಲಿ ‘ಎಸ್‌ಎಫ್‌ಸಿ ಮುಕ್ತ ನಿಧಿ’ ಎನ್ನುತ್ತಾರೆ.

ಲೆಕ್ಕ ಸುಲಭವಾಗಲಿ ಎಂದು 1 ಕೋಟಿ ರೂಪಾಯಿ ಇಟ್ಟುಕೊಳ್ಳೋಣ. ಮೂರೂ ಪಾಲನ್ನು ಅದೇ ಮೊತ್ತದ ಮೇಲೆ ತೆಗೆದರೆ 24.10 ಲಕ್ಷ, 7.25 ಲಕ್ಷ, 5 ಲಕ್ಷ, ಒಟ್ಟು 36.35 ಲಕ್ಷ. ಆದರೆ ಆ ‘1 ಕೋಟಿ’ ಯಾವುದು ಎಂಬಲ್ಲೇ ಎಲ್ಲಾ ಇದೆ. ಬಂದ ವರಮಾನ ಪೂರ್ತಿಯೋ, ಸಂಬಳ, ವಿದ್ಯುತ್ ಬಿಲ್ಲು ಕಳೆದು ಉಳಿದದ್ದೋ? ಕಳೆಯುವ ಬಾಬತ್ತು ದೊಡ್ಡದಾದಷ್ಟೂ ಬಡವರ ಪಾಲು ಕರಗುತ್ತದೆ. ಯಾವ ಮೊತ್ತದ ಮೇಲೆ ಶೇಕಡಾವಾರು ಹಾಕಿದ್ದೀರಿ ಎಂದು ಲೆಕ್ಕ ಶಾಖೆಯಲ್ಲಿ ಕೇಳಿ, ಬರೆದುಕೊಳ್ಳಿ. ಸದಸ್ಯರಲ್ಲೂ ಎಷ್ಟೋ ಜನ ಈ ಪ್ರಶ್ನೆ ಕೇಳಿರುವುದಿಲ್ಲ.

ಇದು ಯಾರ ಉಪಕಾರವೂ ಅಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ 12ನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ 18 ವಿಷಯ ಪಟ್ಟಿ ಮಾಡಿದೆ. ರಸ್ತೆ, ನೀರು, ಸ್ಮಶಾನದ ಜೊತೆಗೇ ದುರ್ಬಲ ವರ್ಗದವರ ಮತ್ತು ಅಂಗವಿಕಲರ ಹಿತ ಕಾಯುವುದು, ಕೊಳೆಗೇರಿ ಸುಧಾರಣೆ, ನಗರ ಬಡತನ ನಿವಾರಣೆಯೂ ಅದರಲ್ಲಿವೆ. ‘ನಮ್ಮ ಕೌನ್ಸಿಲರ್ ಕೊಡಿಸಿದ್ರು’ ಎನ್ನುವ ಮಾತು ನನಗೆ ಈಗ ಕೇಳಲಿಕ್ಕೇ ಕಷ್ಟವಾಗುತ್ತದೆ.

ಡಿಸೆಂಬರ್‌ನಿಂದ ಮಾರ್ಚ್: ಬಜೆಟ್ ಹೊತ್ತು

ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಶುರು. ಅದಕ್ಕೆ ಮುಂಚಿನ ಚಳಿಗಾಲದಲ್ಲಿ ಊರೂರಲ್ಲಿ ‘ಆಯವ್ಯಯ ಪೂರ್ವಭಾವಿ ಸಭೆ’ ನಡೆಯುತ್ತದೆ. ಸಂಘಸಂಸ್ಥೆಯವರು, ನಿವಾಸಿಗಳು ಸಲಹೆ ಕೊಡುವ ಸಭೆ ಇದು. ಪತ್ರಿಕೆಯ ಸ್ಥಳೀಯ ಪುಟದಲ್ಲಿ ನಾಲ್ಕು ಸಾಲಿನ ಸುದ್ದಿ ಬಂದಿರುತ್ತದೆ. ಹೋದರೆ ವರ್ತಕರು, ನಿವೃತ್ತ ಅಧಿಕಾರಿಗಳು, ಬಡಾವಣೆ ಸಂಘದವರು ಇರುತ್ತಾರೆ. ಯಾರಿಗೆ ಈ ಅನುದಾನ ಮೀಸಲಿದೆಯೋ ಅವರು ಆ ಹೊತ್ತಿಗೆ ಕೂಲಿಗೆ ಹೋಗಿರುತ್ತಾರೆ.

ಹೋಗುವುದಾದರೆ ಬರಿಗೈಲಿ ಹೋಗಬೇಡಿ. ‘ನಮ್ಮ ವಾರ್ಡಿಗೂ ಏನಾದ್ರೂ ಮಾಡಿ ಸಾರ್’ ಎಂದರೆ ಸಭಾ ನಡಾವಳಿಯಲ್ಲಿ ಒಂದು ಪದವೂ ದಾಖಲಾಗುವುದಿಲ್ಲ. ಒಂದು ಹಾಳೆ ಸಾಕು: ವಾರ್ಡ್ ಸಂಖ್ಯೆ, ನಮ್ಮಲ್ಲಿ ಅಂಗವಿಕಲರು ಇಷ್ಟು ಜನ, ಅವರಲ್ಲಿ ಯುಡಿಐಡಿ ಕಾರ್ಡ್ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಇರುವವರು ಇಷ್ಟು, ಶ್ರವಣ ಸಾಧನ ಬೇಕಾದವರು ಇಷ್ಟು, ತ್ರಿಚಕ್ರ ವಾಹನ ಬೇಕಾದವರು ಇಷ್ಟು. ಕೆಳಗೆ ಸಹಿ. ಎರಡು ಪ್ರತಿ ಒಯ್ದು ಒಂದಕ್ಕೆ ಟಪಾಲು ವಿಭಾಗದಲ್ಲಿ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ಮಹಾನಗರ ಪಾಲಿಕೆ ಇರುವ ಊರಾದರೆ ಇನ್ನೊಂದು ಬಾಗಿಲಿದೆ. 1976ರ ಪಾಲಿಕೆ ಕಾಯ್ದೆಯ ಪ್ರಕಾರ ಇರುವ ನಾಲ್ಕು ಸ್ಥಾಯಿ ಸಮಿತಿಗಳಲ್ಲಿ ಒಂದು ಸಾರ್ವಜನಿಕ ಆರೋಗ್ಯ, ಶಿಕ್ಷಣ ಮತ್ತು ಸಾಮಾಜಿಕ ನ್ಯಾಯದ್ದು. ನಿಮ್ಮ ಹಾಳೆಯ ಮೂರನೇ ಪ್ರತಿಯೊಂದು ಅದರ ಅಧ್ಯಕ್ಷರಿಗೆ ಹೋಗಲಿ. ಚುನಾಯಿತ ಮಂಡಳಿ ಇಲ್ಲದ ಅವಧಿಯಲ್ಲಿ ಈ ಅಧಿಕಾರವೆಲ್ಲ ಆಡಳಿತಾಧಿಕಾರಿಯ ಕೈಯಲ್ಲಿರುತ್ತದೆ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ಆದದ್ದು ಅದೇ. ಆಗ ಪತ್ರ ನೇರ ಅಧಿಕಾರಿಗೇ ಕೊಡಬೇಕು.

ಕ್ರಿಯಾ ಯೋಜನೆ: ಯಾರೂ ನೋಡದ ಕಡತ

ಬಜೆಟ್‌ನಲ್ಲಿ ಇಷ್ಟು ಲಕ್ಷ ಎಂದು ಬರೆದರೆ ಸಾಲದು. ಅದರಲ್ಲಿ ಯಂತ್ರಕ್ಕೆಷ್ಟು, ವಿದ್ಯಾರ್ಥಿಗಳ ಸಹಾಯಧನಕ್ಕೆಷ್ಟು, ಶೌಚಾಲಯಕ್ಕೆಷ್ಟು ಎಂದು ಬಿಡಿಸುವುದು ಕ್ರಿಯಾ ಯೋಜನೆ. ಕಚೇರಿಯವರು ತಯಾರಿಸಿ ಸಾಮಾನ್ಯ ಸಭೆಯ ಮುಂದಿಡುತ್ತಾರೆ. ಪುರಸಭೆ, ನಗರಸಭೆಗಳದ್ದಾದರೆ ಅಲ್ಲಿಂದ ಜಿಲ್ಲಾ ನಗರಾಭಿವೃದ್ಧಿ ಕೋಶದ ಮೂಲಕ ಜಿಲ್ಲಾಧಿಕಾರಿಯ ಅನುಮೋದನೆಗೆ ಹೋಗುತ್ತದೆ. ಅನುಮೋದನೆಯಾದ ಮೇಲೆ ಬದಲಾಯಿಸುವುದು ತುಂಬಾ ಕಷ್ಟ.

ಯೋಜನೆಯಲ್ಲಿ ಎರಡು ಬಗೆಯ ಕೆಲಸ ಇರುತ್ತದೆ. ಒಂದು ವೈಯಕ್ತಿಕ: ಹೊಲಿಗೆ ಯಂತ್ರ, ಓದುವ ಮಕ್ಕಳಿಗೆ ಲ್ಯಾಪ್‌ಟಾಪ್ ಅಥವಾ ಸಹಾಯಧನ, ಮನೆ ದುರಸ್ತಿ, ನಲ್ಲಿ ಸಂಪರ್ಕ, ಚಿಕಿತ್ಸೆಯ ವೆಚ್ಚ. ಇನ್ನೊಂದು ಸಾಮುದಾಯಿಕ: ಓಣಿಗೆ ಸಿಮೆಂಟ್ ರಸ್ತೆ, ಚರಂಡಿ, ಸಮುದಾಯ ಭವನ, ಬೀದಿದೀಪ.

ನಾನು ಒತ್ತಿ ಹೇಳಬೇಕಾದದ್ದು ಈ ಎರಡನೆಯದರ ಬಗ್ಗೆ. ಪರಿಶಿಷ್ಟರ ಕಾಲೊನಿಗೆ ರಸ್ತೆ, ಚರಂಡಿ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಲೊನಿಯ ಹೆಸರು ಹೇಳಿ ಊರಿನ ಮುಖ್ಯರಸ್ತೆಗೆ ಡಾಂಬರು ಹಾಕಿದರೆ? ‘ಅವರೂ ಅದೇ ರಸ್ತೆಯಲ್ಲಿ ಓಡಾಡ್ತಾರಲ್ಲ’ ಎನ್ನುವ ಸಮಜಾಯಿಷಿ ಬರುತ್ತದೆ. ರಾಜ್ಯ ಸರ್ಕಾರದ ಇಲಾಖೆಗಳ ಮಟ್ಟದಲ್ಲಿ ಇದೇ ಬಗೆಯ ಲೆಕ್ಕಕ್ಕೆ ಕಾನೂನಿನಲ್ಲೇ ಜಾಗ ಇತ್ತು. 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ (ಪರಿಶಿಷ್ಟ ಜಾತಿ ಉಪಯೋಜನೆ, ಬುಡಕಟ್ಟು ಉಪಯೋಜನೆ) ಕಾಯ್ದೆಯ 7(ಡಿ) ಕಲಮು ಸಾಮಾನ್ಯ ಮೂಲಸೌಕರ್ಯಕ್ಕೆ ಹಾಕಿದ ಹಣದ ಒಂದು ಭಾಗವನ್ನು ಪರಿಶಿಷ್ಟರಿಗೆ ಖರ್ಚು ಮಾಡಿದ್ದೆಂದೇ ಪರಿಗಣಿಸಲು ಬಿಡುತ್ತಿತ್ತು. ದಲಿತ ಸಂಘಟನೆಗಳು ವರ್ಷಗಟ್ಟಲೆ ಹೋರಾಡಿದ ಮೇಲೆ 2023ರಲ್ಲಿ ಅದನ್ನು ತೆಗೆದರು. ನಿಮ್ಮೂರಿನ ಕ್ರಿಯಾ ಯೋಜನೆಯನ್ನೂ ಅದೇ ಕಣ್ಣಿನಿಂದ ಓದಿ. ಕಾಮಗಾರಿಯ ಹೆಸರಿನಲ್ಲಿ ‘ಇಂಥವರ ಮನೆಯಿಂದ ಇಂಥವರ ಮನೆವರೆಗೆ’ ಎಂದು ಬರೆದಿರುತ್ತಾರೆ. ಆ ಎರಡು ಮನೆಗಳ ನಡುವೆ ಒಮ್ಮೆ ನಡೆದು ಬನ್ನಿ. ಎಷ್ಟು ಮನೆ ಫಲಾನುಭವಿಗಳದ್ದು ಎಂದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಅರ್ಜಿ

ಈಗ ಎಲ್ಲರಿಗೂ ಗೊತ್ತಿರುವ ಹಂತ. ಫಲಕದಲ್ಲೂ ಪತ್ರಿಕೆಯಲ್ಲೂ ಪ್ರಕಟಣೆ ಬರುತ್ತದೆ. ಕೆಲವು ಊರಲ್ಲಿ ಆನ್‌ಲೈನ್ ಅರ್ಜಿಯೂ ಉಂಟು. ಕಚೇರಿಯಲ್ಲಿ ಈ ವಿಷಯ ನೋಡುವವರು ಸಾಮಾನ್ಯವಾಗಿ ಸಮುದಾಯ ಸಂಘಟನಾಧಿಕಾರಿ ಅಥವಾ ಸಮುದಾಯ ಸಂಘಟಕರು. ಅವರ ಫೋನ್ ನಂಬರ್ ಇದ್ದರೆ ಫಲಕ ಕಾಯುವ ಕೆಲಸವಿಲ್ಲ.

ದಾಖಲೆಗಳನ್ನು ಪ್ರಕಟಣೆ ಬರುವ ಮುಂಚೆಯೇ ಜೋಡಿಸಿಡಿ: ಆಧಾರ್, ಪಡಿತರ ಚೀಟಿ, ನಾಡಕಚೇರಿಯ ಆರ್‌ಡಿ ಸಂಖ್ಯೆ (ಪ್ರಮಾಣಪತ್ರದ ಮೇಲೆ ಅಚ್ಚಾಗಿರುವ ಕ್ರಮಸಂಖ್ಯೆ) ಇರುವ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಯ ಪಾಸ್‌ಬುಕ್, ಫೋಟೊ. ಮನೆಗೆ ಸಂಬಂಧಿಸಿದ ಸೌಲಭ್ಯವಾದರೆ ಖಾತೆ ಅಥವಾ ಹಕ್ಕುಪತ್ರ, ತೆರಿಗೆ ಕಟ್ಟಿದ ರಸೀದಿ. ಅಂಗವಿಕಲರಿಗೆ ಯುಡಿಐಡಿ ಕಾರ್ಡ್.

ಅರ್ಜಿ ತಿರಸ್ಕಾರವಾಗುವುದು ದೊಡ್ಡ ಕಾರಣಕ್ಕೆ ಅಲ್ಲ. ನಮ್ಮ ಅಕ್ಕನ ಕಾಗದಗಳನ್ನೇ ನೋಡಿ: ಆಧಾರ್‌ನಲ್ಲಿ ಹೆಸರಿನ ಹಿಂದೆ ಗಂಡನ ಇನಿಷಿಯಲ್, ಪಾಸ್‌ಬುಕ್‌ನಲ್ಲಿ ತಂದೆಯದ್ದು, ಆದಾಯ ಪ್ರಮಾಣಪತ್ರದಲ್ಲಿ ಹೆಸರಿನ ಕೊನೆಗೆ ‘ಮ್ಮ’ ಇದೆ, ಪಡಿತರ ಚೀಟಿಯಲ್ಲಿ ಇಲ್ಲ. ಒಂದೊಂದು ಕಾಗದದಲ್ಲಿ ಒಬ್ಬೊಬ್ಬ ಹೆಂಗಸಾಗಿದ್ದರು ಅವರು. ಜೊತೆಗೆ ಆದಾಯ ಪ್ರಮಾಣಪತ್ರದ ಅವಧಿಯೂ ಮುಗಿದಿತ್ತು. ಅವತ್ತು ಕೊನೇ ದಿನದೊಳಗೇ ಹೋಗಿದ್ದರೂ ಅರ್ಜಿ ನಿಲ್ಲುತ್ತಿರಲಿಲ್ಲ. ಎಲ್ಲಾ ಕಾಗದವನ್ನೂ ನೆಲದ ಮೇಲೆ ಸಾಲಾಗಿ ಹರಡಿ, ಹೆಸರು, ಇನಿಷಿಯಲ್, ಹುಟ್ಟಿದ ದಿನ ಮೂರನ್ನೂ ಹೊಂದಿಸಿ ನೋಡಿ. ತಿದ್ದುಪಡಿಗೆ ವಾರಗಟ್ಟಲೆ ಬೇಕು.

ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಪತ್ರ ಇಲ್ಲದೆ ಕೌಂಟರ್ ಬಿಟ್ಟು ಬರಬೇಡಿ. ಮಧ್ಯವರ್ತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಆಯ್ಕೆ, ಪಾವತಿ

ಪರಿಶೀಲನೆಯಲ್ಲಿ ಉಳಿದ ಅರ್ಜಿಗಳು ದುಡ್ಡಿಗಿಂತ ಹೆಚ್ಚಿದ್ದರೆ ಕೆಲವೆಡೆ ಲಾಟರಿ ಎತ್ತುತ್ತಾರೆ, ಕೆಲವೆಡೆ ವಾರ್ಡ್‌ವಾರು ಇಷ್ಟಿಷ್ಟು ಎಂದು ಹಂಚುತ್ತಾರೆ. ಲಾಟರಿ ಎತ್ತುವುದಾದರೆ ಆ ದಿನ ಹೋಗಿ ಕೂತಿರಿ. ವಸ್ತುವಾದರೆ ಕಚೇರಿ ಖರೀದಿಸಿ ಹಂಚುತ್ತದೆ. ಸಹಾಯಧನವಾದರೆ ಬ್ಯಾಂಕ್ ಖಾತೆಗೆ ಜಮಾ. ಯಂತ್ರ ಕೊಟ್ಟು ಫೋಟೊ ತೆಗೆಸುವ ಸಮಾರಂಭದಲ್ಲೇ ಗ್ಯಾರಂಟಿ ಕಾರ್ಡ್ ಕೇಳಿ ಇಸಿದುಕೊಳ್ಳಿ.

ಸಂಘಸಂಸ್ಥೆಗಳ ವಿಷಯ ಬೇರೆ. ಅವರ ಕೈಗೆ ದುಡ್ಡು ಬರುವುದು ಸೇವೆ ನಡೆಸುವ ಖರ್ಚಿನ ರೂಪದಲ್ಲಿ. ನಗರ ನಿರ್ಗತಿಕರ ರಾತ್ರಿ ತಂಗುದಾಣ ಇದಕ್ಕೆ ಒಳ್ಳೆಯ ಉದಾಹರಣೆ. 2010ರಲ್ಲಿ ಸುಪ್ರೀಂ ಕೋರ್ಟ್ ಲಕ್ಷ ಜನಸಂಖ್ಯೆಗೆ ಒಂದು ತಂಗುದಾಣ ಇರಬೇಕೆಂದು ಹೇಳಿದ ಮೇಲೆ ನಮ್ಮ ನಗರಗಳಲ್ಲೂ ಅವು ಬಂದವು. ಕಟ್ಟಡ ಸ್ಥಳೀಯ ಸಂಸ್ಥೆಯದ್ದು, ನಡೆಸುವುದು ಆಯ್ಕೆಯಾದ ಸ್ವಯಂಸೇವಾ ಸಂಸ್ಥೆ. ಇಂಥದ್ದಕ್ಕೆ ಅರ್ಜಿ ಹಾಕುವ ಸಂಸ್ಥೆಗೆ ನೋಂದಣಿ ಪತ್ರ, ಲೆಕ್ಕಪರಿಶೋಧನಾ ವರದಿ, ಅನುಭವದ ದಾಖಲೆ ಬೇಕೇ ಬೇಕು. ಬಿಲ್ಲು ಮಂಜೂರಾಗಲು ತಿಂಗಳುಗಳೇ ಹಿಡಿಯಬಹುದು, ಅಲ್ಲಿಯವರೆಗೆ ಅಡುಗೆಯವರ ಸಂಬಳ ಎಲ್ಲಿಂದ ಎಂದು ಮೊದಲೇ ಯೋಚಿಸಿ.

ಸಿಗದಿದ್ದರೆ

ಬಾಯಿಮಾತಿನ ‘ಮುಂದಿನ ವರ್ಷ ನೋಡೋಣ’ ಒಪ್ಪಬೇಡಿ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಕಲಮಿನಲ್ಲೇ, ಸಹಾಯಧನ ಕಾರ್ಯಕ್ರಮಕ್ಕೆ ಇಟ್ಟ ಮೊತ್ತ ಮತ್ತು ಫಲಾನುಭವಿಗಳ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆಂದಿದೆ. ಫಲಕದಲ್ಲಿ ಇಲ್ಲದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. ಬಿಪಿಎಲ್ ಕುಟುಂಬಕ್ಕೆ ಆ ಶುಲ್ಕವೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಆದ್ದರಿಂದ ಕಥೆ ಬರೆಯದೆ ಹೀಗೆ ಕೇಳಿ: ‘ಇಂಥ ಸಾಲಿನ ಶೇ 24.10 ಯೋಜನೆಗೆ ಸಂಬಂಧಿಸಿ, ಅನುಮೋದಿತ ಕ್ರಿಯಾ ಯೋಜನೆ, ಸ್ವೀಕರಿಸಿದ ಅರ್ಜಿಗಳ ವಹಿ ಮತ್ತು ವಾರ್ಡ್‌ವಾರು ಫಲಾನುಭವಿಗಳ ಪಟ್ಟಿಯ ದೃಢೀಕೃತ ಪ್ರತಿ ಕೊಡಿ.’ 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಪ್ರಾಧಿಕಾರಿಗೆ, ಅದೂ ಆಗದಿದ್ದರೆ ಕರ್ನಾಟಕ ಮಾಹಿತಿ ಆಯೋಗಕ್ಕೆ.

ನಾವೂ ಹಾಗೇ ಹಾಕಿದೆವು. ಪಟ್ಟಿ ಬಂತು. ಅಕ್ಕ ಹೊಲಿಗೆ ಬದಿಗಿಟ್ಟು, ಕನ್ನಡಕ ಹಾಕಿಕೊಂಡು, ಒಂದೊಂದು ಹೆಸರಿನ ಕೆಳಗೂ ಬೆರಳಿಟ್ಟು ಓದಿದರು. ನಮ್ಮ ವಾರ್ಡಿನ ಎದುರು ಒಂದು ಹೆಸರೂ ಇರಲಿಲ್ಲ. ಆ ಹಾಳೆಯ ಜೆರಾಕ್ಸ್ ಮಾಡಿಸಿ, ಮಷೀನು ತುಳಿಯುವ ಇನ್ನೂ ಹನ್ನೊಂದು ಜನ ಹೆಂಗಸರ ಸಹಿ ಹಾಕಿಸಿಕೊಂಡು, ಜನವರಿಯ ಪೂರ್ವಭಾವಿ ಸಭೆಗೆ ಅವರೇ ಹೋದರು.