ವಿಷಾದದ ಕಥೆಗಳಿಗೆ ಓದುಗರ ಪ್ರತಿಕ್ರಿಯೆ: ನಾನು ಕೇಳುವ, ಬಳಸುವ ಬಗೆ

ವಿಷಾದದ ಕಥೆ ಬರೆಯುವವರಿಗೆ ಬರುವ ಪ್ರತಿಕ್ರಿಯೆಗಳಲ್ಲಿ ಹೆಚ್ಚಿನವು ಎರಡೇ ಮಾತಿನಲ್ಲಿ ಮುಗಿಯುತ್ತವೆ: ‘ಮನಸ್ಸಿಗೆ ತಟ್ಟಿತು’, ‘ಎದೆ ಭಾರವಾಯಿತು’. ಪ್ರೀತಿಯಿಂದ ಹೇಳಿದ ಮಾತುಗಳೇ ನಿಜ. ಆದರೆ ಕರಡು ತಿದ್ದಲು ಕೂತಾಗ ಇವನ್ನು ನಂಬಿ ಒಂದು ಅಲ್ಪವಿರಾಮವನ್ನೂ ಅಳಿಸಲಾಗುವುದಿಲ್ಲ. ಎದೆ ಭಾರವಾದದ್ದು ಯಾವ ಪುಟದಲ್ಲಿ? ಈ ಕಥೆಯಿಂದಲೋ, ಹಿಂದಿನ ಕಥೆಯ ಭಾರ ಇನ್ನೂ ಇಳಿದಿರಲಿಲ್ಲವೋ? ಅದು ತಿಳಿಯಬೇಕಾದರೆ ನಾವು ಕೇಳುವ ರೀತಿಯೇ ಬದಲಾಗಬೇಕು.

ಸಂಕಲನ ಅಚ್ಚಿಗೆ ಹೋಗುವ ಮುಂಚೆ ಎಂಟರಿಂದ ಹತ್ತು ಜನರಿಗೆ ಕರಡು ಕೊಡುತ್ತೇನೆ. ಇನ್ನೂ ಕಡಿಮೆಯಾದರೆ ಒಬ್ಬರ ಅಭಿರುಚಿಯೇ ಎಲ್ಲರ ತೀರ್ಪಿನಂತೆ ಕಾಣುತ್ತದೆ. ಹೆಚ್ಚಾದರೆ ಒಂದೊಂದನ್ನೂ ಗಮನವಿಟ್ಟು ಓದಲಾಗದೆ ಬರೀ ಎಣಿಸುತ್ತಾ ಕೂರುತ್ತೇವೆ. ಇವರಲ್ಲಿ ಅರ್ಧದಷ್ಟಾದರೂ ಕಥೆ ಬರೆಯದವರು ಇರಲೇಬೇಕು. ಬರೆಯುವವರು ಮನಸ್ಸಿನಲ್ಲೇ ನಮ್ಮ ಕಥೆಯನ್ನು ತಮ್ಮ ಕಥೆಯಾಗಿ ತಿದ್ದಿಕೊಂಡು ಓದುತ್ತಾರೆ. ಕೊಡುವುದು ಮುದ್ರಿಸಿದ ಹಾಳೆ: ಒಂದೂವರೆ ಸಾಲಿನ ಅಂತರ, ಬಲಗಡೆ ಎರಡು ಇಂಚು ಅಂಚು, ಎಡಗಡೆ ಸಾಲಿನ ಸಂಖ್ಯೆ. ಸಂಖ್ಯೆ ಇಲ್ಲದಿದ್ದರೆ ‘ಆ ಅಮ್ಮ ಬಾಗಿಲ ಹತ್ತಿರ ನಿಲ್ಲುತ್ತಾಳಲ್ಲ, ಅಲ್ಲಿ’ ಎಂಬಂಥ ಟಿಪ್ಪಣಿಗಳನ್ನು ಹಿಡಿದು ಪುಟ ತಿರುವುತ್ತಿರಬೇಕಾಗುತ್ತದೆ.

ಮುನ್ನುಡಿ, ಬೆನ್ನುಡಿ ಯಾವುದನ್ನೂ ಜೊತೆಗೆ ಇಡುವುದಿಲ್ಲ. ಇಂಗ್ಲಿಷ್ ವಿಮರ್ಶಕ ಐ.ಎ. ರಿಚರ್ಡ್ಸ್ ಕೇಂಬ್ರಿಜ್‌ನಲ್ಲಿ ಕವಿಗಳ ಹೆಸರು ಮರೆಮಾಡಿ ಕವಿತೆಗಳನ್ನು ಹಂಚಿ, ಓದಿದವರಿಂದ ಬರೆಸಿಕೊಂಡ ಪ್ರತಿಕ್ರಿಯೆಗಳನ್ನು 1929ರ ಪುಸ್ತಕದಲ್ಲಿ ವಿಶ್ಲೇಷಿಸಿದರು. ಓದುಗ ತನ್ನೊಳಗೆ ಮೊದಲೇ ಸಿದ್ಧವಾಗಿರುವ ಭಾವನೆಯನ್ನು ಕೃತಿಯ ಮೇಲೆ ಹೊರಿಸಿಬಿಡುತ್ತಾನೆ ಎಂಬುದು ಅವರು ಗುರುತಿಸಿದ ತೊಡಕುಗಳಲ್ಲಿ ಒಂದು. ನಮ್ಮ ಬಗೆಯ ಕಥೆಗಳಲ್ಲಿ ಅದು ಇನ್ನೂ ಹೆಚ್ಚು. ಸಾವು, ಮುಪ್ಪು, ಖಾಲಿ ಮನೆ ಎಂದ ಕೂಡಲೇ, ಕಥೆ ತನ್ನ ಕೆಲಸ ಮಾಡದಿದ್ದರೂ, ದುಃಖ ಎದ್ದು ಬರುತ್ತದೆ. ಬೆನ್ನುಡಿಯಲ್ಲಿ ‘ಕಾಡುವ ಕಥೆಗಳು’ ಎಂದಿದ್ದರಂತೂ ಓದುಗರು ಕಾಡಿಸಿಕೊಳ್ಳಲು ತಯಾರಾಗಿಯೇ ಪುಟ ತೆರೆಯುತ್ತಾರೆ.

ಓದುವಾಗ ಪೆನ್ಸಿಲ್‌ನಲ್ಲಿ ಮೂರೇ ಗುರುತು ಹಾಕಲು ಹೇಳುತ್ತೇನೆ. ನಿಂತು ಮತ್ತೆ ಓದಿದ ಕಡೆ ಅಡ್ಡಗೆರೆ, ಗೊಂದಲವಾದ ಕಡೆ ಪ್ರಶ್ನೆಚಿಹ್ನೆ, ಕಣ್ಣು ಸಾಲು ಹಾರಿಸಿದ ಕಡೆ ಕತ್ತರಿ ಗುರುತು. ಮೂರನೆಯದನ್ನು ಹಾಕಲು ಜನ ಸಂಕೋಚಪಡುತ್ತಾರೆ. ನಮಗೆ ಅತಿ ಹೆಚ್ಚು ಬೇಕಾದದ್ದೂ ಅದೇ ಎಂದು ಮೊದಲೇ ಒತ್ತಿ ಹೇಳಬೇಕು. ಓದಿ ಮುಗಿಸಿದ ದಿನವೇ ಉತ್ತರಿಸಲು ಪ್ರತಿ ಕಥೆಗೂ ಮೂರು ಪ್ರಶ್ನೆ: ಕೊನೆಯಲ್ಲಿ ಏನಾಯಿತು ಎಂದು ನಿಮಗನ್ನಿಸಿತು, ಯಾರ ಜೊತೆ ಇನ್ನೂ ಸ್ವಲ್ಪ ಹೊತ್ತು ಇರಬೇಕೆನಿಸಿತು, ಯಾವ ಮಾತು ಸುಳ್ಳೆನಿಸಿತು. ‘ಇಷ್ಟವಾಯಿತೇ’ ಎಂದು ಎಲ್ಲೂ ಕೇಳುವುದಿಲ್ಲ. ಕೇಳಿದರೆ ಸ್ನೇಹಿತರು ಹೌದೆನ್ನುತ್ತಾರೆ, ಅಲ್ಲಿಗೆ ಮುಗಿಯಿತು.

ಎರಡು ವಾರ ಬಿಟ್ಟು ಇನ್ನೊಂದು ಪ್ರಶ್ನೆ ಕಳಿಸುತ್ತೇನೆ. ಹಾಳೆ ತೆರೆಯದೆ, ನೆನಪಿರುವುದನ್ನಷ್ಟೇ ಬರೆಯಿರಿ. ಇಡೀ ಕ್ರಮದಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದು ಇದು. ಮೊದಲ ದಿನ ಹೊಗಳಿಸಿಕೊಂಡ ಕಥೆಯ ಹೆಸರೂ ಕೆಲವರಿಗೆ ನೆನಪಿರುವುದಿಲ್ಲ. ಅಂದು ಯಾರೂ ಮಾತೆತ್ತದ ಕಥೆಯಿಂದ ಒಂದು ಚಿತ್ರ ಮಾತ್ರ ಹಲವರಲ್ಲಿ ಉಳಿದಿರುತ್ತದೆ. ಅಂಥ ಚಿತ್ರವಿರುವ ಪ್ಯಾರಾವನ್ನು ಮುಂದಿನ ತಿದ್ದುಪಡಿಯಲ್ಲಿ ಮುಟ್ಟಬಾರದು.

ಕಥೆಗಳ ಕ್ರಮವನ್ನೂ ಪರೀಕ್ಷೆಗೆ ಒಡ್ಡುವುದುಂಟು. ಹನ್ನೆರಡು ಕಥೆಗಳಿದ್ದರೆ ಅರ್ಧ ಜನರಿಗೆ ಒಂದರಿಂದ ಹನ್ನೆರಡು, ಉಳಿದವರಿಗೆ ಏಳರಿಂದ ಹನ್ನೆರಡು ಓದಿ ಆಮೇಲೆ ಒಂದರಿಂದ ಆರು. ‘ಒಂದೇ ತೆರನಾಗಿದೆ’ ಎಂಬ ದೂರು ಎರಡೂ ಗುಂಪಿನಲ್ಲಿ ಒಂದೇ ಕಥೆಗೆ ಅಂಟಿಕೊಂಡರೆ ದೋಷ ಆ ಕಥೆಯದು. ಕಥೆ ಯಾವುದೇ ಇರಲಿ, ಎಂಟನೆಯದೋ ಒಂಬತ್ತನೆಯದೋ ಓದುವಾಗ ದೂರು ಬಂದರೆ ಅದು ದಣಿವು. ಒಂದೇ ಓಟಕ್ಕೆ ಓದಿದರೋ, ದಿನಕ್ಕೊಂದರಂತೆ ಓದಿದರೋ ಎಂಬುದನ್ನೂ ಬರೆಸಿಕೊಳ್ಳಬೇಕು, ಇಲ್ಲದಿದ್ದರೆ ಈ ಹೋಲಿಕೆಗೆ ಅರ್ಥವಿಲ್ಲ. ದಣಿವಿಗೆ ಕಾರಣ ದುಃಖದ ಪ್ರಮಾಣ ಎಂದು ಹಲವರು ಭಾವಿಸುತ್ತಾರೆ. ನಡುವೆ ಒಂದು ನಗೆಯ ಕಥೆ ಸೇರಿಸಿ ಎಂಬ ಸಲಹೆ ಹುಟ್ಟುವುದೂ ಅಲ್ಲಿಂದಲೇ. ನಾನು ಗಮನಿಸಿದ ಮಟ್ಟಿಗೆ ದಣಿಸುವುದು ಒಂದೇ ಭಂಗಿಯ ಮುಕ್ತಾಯ. ಮೂರು ಕಥೆಗಳು ಕಿಟಕಿಯಾಚೆ ನೋಡುತ್ತಾ ನಿಂತವರಲ್ಲಿ ಮುಗಿದರೆ ನಾಲ್ಕನೆಯದರ ದುಃಖ ಓದುಗರಿಗೆ ತಲುಪುವುದಿಲ್ಲ. ಎಲ್ಲ ಕಥೆಗಳ ಕೊನೆಯ ಎರಡೆರಡು ವಾಕ್ಯಗಳನ್ನು ಒಂದೇ ಹಾಳೆಯಲ್ಲಿ ಬರೆದು ಓದಿದರೆ ಇದು ಕೂಡಲೇ ಕಾಣುತ್ತದೆ.

ಬಂದದ್ದನ್ನೆಲ್ಲ ಸ್ಪ್ರೆಡ್‌ಶೀಟ್‌ನಲ್ಲಿ ಐದು ಅಂಕಣಗಳಾಗಿ ಹಾಕುತ್ತೇನೆ: ಕಥೆ, ಸಾಲು, ಓದುಗರಿಗೆ ಏನಾಯಿತು, ಅವರು ಕೊಟ್ಟ ಕಾರಣ, ಅವರು ಸೂಚಿಸಿದ ಪರಿಹಾರ. ‘ಎಲ್ಲಿ’ ಎಂಬುದರಲ್ಲಿ ಓದುಗರು ತಪ್ಪುವುದು ಅಪರೂಪ. ‘ಏಕೆ’ ಎಂಬುದರಲ್ಲಿ ಆಗಾಗ ತಪ್ಪುತ್ತಾರೆ. ಪರಿಹಾರದ ಅಂಕಣವನ್ನು ನಾನು ಓದುವುದು ಎಲ್ಲಕ್ಕಿಂತ ಕೊನೆಗೆ. ಮೂರನೆಯ ಅಂಕಣ ತುಂಬಲು ನಾಟ್ಯಶಾಸ್ತ್ರದ ಪದಗಳು ಚೆನ್ನಾಗಿ ಒದಗುತ್ತವೆ. ಕರುಣರಸದ ಸ್ಥಾಯಿ, ಅಂದರೆ ಉದ್ದಕ್ಕೂ ನೆಲೆನಿಲ್ಲುವ ಭಾವ, ಶೋಕ. ಬಂದು ಹೋಗುವ 33 ವ್ಯಭಿಚಾರಿ ಭಾವಗಳಲ್ಲಿ ನಿರ್ವೇದ (ವೈರಾಗ್ಯ), ಚಿಂತೆ, ಸ್ಮೃತಿ (ನೆನಪು), ವಿಷಾದ, ದೈನ್ಯ (ದೀನತೆ) ಬೇರೆಬೇರೆಯಾಗಿಯೇ ಇವೆ. ‘ಬೇಜಾರಾಯಿತು’ ಎಂದು ಬರೆದವರ ಟಿಪ್ಪಣಿಯ ಉಳಿದ ಭಾಗ ಓದಿದರೆ ಅದು ಇವುಗಳಲ್ಲಿ ಯಾವುದೆಂದು ಸಾಮಾನ್ಯವಾಗಿ ತಿಳಿಯುತ್ತದೆ. ಸ್ಮೃತಿ ಬೇಕಾದ ಕಡೆ ದೈನ್ಯ ಬಂದಿದ್ದರೆ ಪಾತ್ರವನ್ನು ಅತಿಯಾಗಿ ಕುಗ್ಗಿಸಿದ್ದೇವೆ ಎಂದರ್ಥ.

ಒಂದು ಮುಕ್ತಾಯವನ್ನು ಹತ್ತಿರದಿಂದ ನೋಡೋಣ. ಹೆಂಡತಿ ತೀರಿಕೊಂಡ ಮುದುಕನ ಕಥೆಯ ಕೊನೆ ಕರಡಿನಲ್ಲಿ ಹೀಗಿತ್ತು: ‘ಅವಳ ಕನ್ನಡಕ ಒರೆಸಿ ಡಬ್ಬಿಯಲ್ಲಿಟ್ಟ. ಇನ್ನು ಅದನ್ನು ಯಾರೂ ಹಾಕಿಕೊಳ್ಳುವುದಿಲ್ಲ ಎಂಬ ಸತ್ಯ ಅವನನ್ನು ಇರಿಯಿತು.’ ಕೆಲವರು ‘ದಿಢೀರನೆ ಮುಗಿಯಿತು, ಇನ್ನೊಂದು ಪ್ಯಾರಾ ಬೇಕು’ ಎಂದು ಬರೆದರು. ಉಳಿದವರು ಎರಡನೆಯ ವಾಕ್ಯದ ಎದುರು ಕತ್ತರಿ ಗುರುತು ಹಾಕಿದರು. ಒಂದು ಕಡೆಯವರಿಗೆ ಕಡಿಮೆ, ಇನ್ನೊಂದು ಕಡೆಯವರಿಗೆ ಹೆಚ್ಚು; ಎರಡಕ್ಕೂ ಕಾರಣ ಒಂದೇ. ಅವಳು ಬದುಕಿದ್ದಾಗ ಆ ಕನ್ನಡಕ ಹಾಕಿಕೊಂಡದ್ದನ್ನು ಓದುಗರು ಎಲ್ಲೂ ನೋಡಿರಲಿಲ್ಲ. ಆ ಕೊರತೆ ತುಂಬಲೆಂದೇ ಎರಡನೆಯ ವಾಕ್ಯ ಬಂದು ಕೂತಿತ್ತು. ಅದನ್ನು ತೆಗೆದು, ಮೂರನೆಯ ಪುಟದಲ್ಲಿ ಒಂದು ಸಾಲು ಸೇರಿಸಿದ್ದಾಯಿತು: ‘ಕನ್ನಡಕ ಹಣೆಗೇರಿಸಿಕೊಂಡು ಮನೆಯೆಲ್ಲ ಅದನ್ನೇ ಹುಡುಕುತ್ತಿದ್ದಳು.’ ಕೊನೆಗೆ ಏನನ್ನೂ ಸೇರಿಸಲಿಲ್ಲ. ಮುಕ್ತಾಯದ ಬಗ್ಗೆ ದೂರು ಬಂದಾಗ ನಾನು ಮೊದಲು ತಡಕುವುದು ಕಥೆಯ ಮೊದಲ ಅರ್ಧವನ್ನು. ಓದುಗರಿಗೆ ಕರುಣೆ ಹುಟ್ಟಬೇಕಾದರೆ ಬರೆಯುವವರು ಇನ್ನಷ್ಟು ತಣ್ಣಗಿರಬೇಕು ಎಂದು ರಷ್ಯನ್ ಕಥೆಗಾರ ಚೆಕಾವ್ 1892ರ ಪತ್ರವೊಂದರಲ್ಲಿ ಯುವ ಲೇಖಕಿಯೊಬ್ಬರಿಗೆ ಸಲಹೆ ಕೊಟ್ಟಿದ್ದರು. ಅಂಚಿನ ಕತ್ತರಿ ಗುರುತುಗಳು ಬಹುಮಟ್ಟಿಗೆ ನಾವು ತಣ್ಣಗಿರದೆ ಹೋದ ಜಾಗಗಳನ್ನೇ ತೋರಿಸುತ್ತವೆ.

ಗುಂಪಿನಲ್ಲಿ ಚರ್ಚೆ ಇಟ್ಟರೆ ಮೊದಲ ಹತ್ತು ನಿಮಿಷ ಎಲ್ಲರೂ ಸುಮ್ಮನೆ ಬರೆಯಲಿ, ಆಮೇಲೆ ಮಾತಾಡಲಿ. ಮೊದಲು ಬಾಯಿಬಿಟ್ಟವರು ‘ಅತ್ತುಬಿಟ್ಟೆ’ ಎಂದರೆ, ಅಳು ಬಾರದವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಲೇಖಕರು ಆ ಕೋಣೆಯಲ್ಲಿ ಇರದಿದ್ದರೆ ಒಳ್ಳೆಯದು.

ಪುಸ್ತಕ ಬಂದ ಮೇಲೆ ಬೇರೆ ಬಗೆಯ ಪತ್ರಗಳು ಬರುತ್ತವೆ. ಕಥೆಯ ನೆಪದಲ್ಲಿ ತಮ್ಮ ಮನೆಯ ಸಾವನ್ನೋ ಅಗಲಿಕೆಯನ್ನೋ ಬರೆದುಕೊಂಡವು. ಇವು ಆ ಐದು ಅಂಕಣಗಳಿಗೆ ಸೇರಬಾರದು. ಒಂದು ವಾರದೊಳಗೆ ಚಿಕ್ಕದಾಗಿ, ಅವರು ಹೇಳಿದ ಒಂದು ವಿವರವನ್ನಾದರೂ ಹೆಸರಿಸಿ ಉತ್ತರಿಸುತ್ತೇನೆ. ಕಥೆಯನ್ನು ವಿವರಿಸಲು ಹೋಗುವುದಿಲ್ಲ. ಅವರ ಒಪ್ಪಿಗೆಯಿಲ್ಲದೆ ಒಂದು ಸಾಲನ್ನೂ ಜಾಹೀರಾತಿಗೆ ಎತ್ತಿಕೊಳ್ಳಬಾರದು. ಬದುಕು ಸಾಕೆನ್ನುವ ಮಾತು ಪತ್ರದಲ್ಲಿ ಎಲ್ಲಿಯಾದರೂ ಕಂಡರೆ ಅದೇ ದಿನ ಉತ್ತರ ಹೋಗಬೇಕು. ಹತ್ತಿರದವರೊಬ್ಬರಿಗೂ ವೈದ್ಯರಿಗೂ ಈಗಲೇ ತಿಳಿಸಿ ಎಂದು ನೇರವಾಗಿ ಬರೆಯಬೇಕು. ಸಾಹಿತ್ಯದ ಮಾತು ಅಲ್ಲಿ ಬೇಡ.

ಮರುಮುದ್ರಣದಲ್ಲಿ ನಾನು ತಿದ್ದುವುದು ಅಚ್ಚಿನ ತಪ್ಪು ಮತ್ತು ಓದುಗರು ತೋರಿಸಿಕೊಟ್ಟ ಸಂಗತಿಯ ತಪ್ಪು ಮಾತ್ರ: ಆ ಕಾಯಿಲೆಗೆ ಕೊಡದ ಔಷಧಿ, ಆ ತಿಂಗಳಲ್ಲಿ ಬಿಡದ ಹೂವು. ‘ಕೊನೆಗಾದರೂ ಅವನು ವಾಪಸ್ ಬರುವಂತೆ ಮಾಡಿ’ ಎಂಬ ಕೋರಿಕೆ ಎಷ್ಟು ಬಂದರೂ ಅಚ್ಚಾದ ಮುಕ್ತಾಯವನ್ನು ಬದಲಿಸುವುದಿಲ್ಲ. ಆ ಕೋರಿಕೆಗಳನ್ನು ಮುಂದಿನ ಸಂಕಲನದ ಕಡತದಲ್ಲಿ, ಯಾವ ಕಥೆಗೆ ಬಂದದ್ದು ಎಂದು ಗುರುತು ಹಾಕಿ ಇಟ್ಟುಕೊಳ್ಳುತ್ತೇನೆ.