ಬೀಗತನದ ಜಾಡು: ರಿಜಿಸ್ಟರಿಗಿಂತ ಮೊದಲು ಉಯಿಲು ತೆರೆಯಿರಿ

18ನೇ ಶತಮಾನದ ಇಂಗ್ಲೆಂಡಿನಲ್ಲಿ ಜಮೀನುದಾರ ಮನೆತನಗಳೂ ಪಾದ್ರಿ ಮನೆತನಗಳೂ ತಮ್ಮತಮ್ಮೊಳಗೇ ಹೆಣ್ಣು ಕೊಟ್ಟು ತರುತ್ತಿದ್ದವು. ಈ ನಂಟು ಹುಡುಕುವವರು ನೇರವಾಗಿ ಚರ್ಚಿನ ಮದುವೆ ರಿಜಿಸ್ಟರಿಗೆ ಹೋಗಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. 1837ರ ಜುಲೈಗೆ ಮುಂಚಿನ ರಿಜಿಸ್ಟರುಗಳಲ್ಲಿ ವಧೂವರರ ತಂದೆಯ ಹೆಸರು ಸಾಮಾನ್ಯವಾಗಿ ಇರುವುದೇ ಇಲ್ಲ.

ಮೊದಲು ಉಯಿಲು ಹುಡುಕಿ. ಅದರಲ್ಲೂ ಮದುವೆಯಾಗದ ಸೋದರತ್ತೆಯರದು, ಮಕ್ಕಳಿಲ್ಲದ ವಿಧವೆಯರದು. ಬೆಳ್ಳಿ ಚಮಚ ಯಾರಿಗೆ, ಉಂಗುರ ಯಾರಿಗೆ ಎಂದು ಬರೆಸುವಾಗ ಅವರು ಅಣ್ಣತಮ್ಮಂದಿರ ಹೆಣ್ಣುಮಕ್ಕಳನ್ನು ಗಂಡನ ಮನೆಯ ಹೆಸರಿನ ಸಮೇತ ಹೇಳಿಬಿಡುತ್ತಾರೆ. 1858ರ ಜನವರಿ 12ಕ್ಕೆ ಮುಂಚೆ ಸ್ಥಿತಿವಂತರ ಉಯಿಲುಗಳು ಹೆಚ್ಚಾಗಿ ಕ್ಯಾಂಟರ್ಬರಿಯ ಪ್ರಿರಾಗೆಟಿವ್ ಕೋರ್ಟಿನಲ್ಲಿ (ಉಯಿಲುಗಳನ್ನು ನೋಡಿಕೊಳ್ಳುತ್ತಿದ್ದ ಚರ್ಚಿನ ನ್ಯಾಯಾಲಯ) ದಾಖಲಾದವು. ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ 'ಪ್ರಾಬ್ 11' (PROB 11) ಸರಣಿ ಕೇಳಿ.

ಸ್ಟೀವನ್‌ಟನ್‌ನ ರೆಕ್ಟರ್ (ಊರ ಚರ್ಚಿನ ಪಾದ್ರಿ), ಕಾದಂಬರಿಕಾರ್ತಿ ಜೇನ್ ಆಸ್ಟಿನ್ ತಂದೆ ಜಾರ್ಜ್ ಆಸ್ಟಿನ್ ಮನೆತನವನ್ನೇ ನೋಡಿ. ಮಕ್ಕಳಾದ ಜೇಮ್ಸ್ (1797) ಮತ್ತು ಫ್ರಾನ್ಸಿಸ್ (1828) ಎರಡನೇ ಮದುವೆಗೆ ತಂದದ್ದು ಪಾದ್ರಿ ಲಾಯ್ಡ್ ಅವರ ಹೆಣ್ಣುಮಕ್ಕಳಾದ ಮೇರಿ ಮತ್ತು ಮಾರ್ಥಾರನ್ನು. ಇನ್ನೊಬ್ಬ ಸೋದರಿ ಎಲೈಝಾ ಸೇರಿದ್ದು ಪಾದ್ರಿ ಫೌಲ್ ಮನೆಯನ್ನು. ಗಂಡ ಅವಳ ತಾಯಿಯ ಸೋದರಿಯ ಮಗ. ನಮ್ಮಲ್ಲಿ ಅಣ್ಣನಾಗುವವನು ಅಲ್ಲಿ ಗಂಡನಾಗಬಹುದು, ಆದ್ದರಿಂದ ಸೋದರಮಾವನ ಕಡೆಯನ್ನಷ್ಟೇ ಹುಡುಕಿ ಬಿಡಬೇಡಿ. ಜೇಮ್ಸನ ತಂಗಿ ಕಸಾಂಡ್ರಾ ಆಸ್ಟಿನ್‌ಗೆ ಮದುವೆ ಗೊತ್ತಾಗಿದ್ದ, ಎಲೈಝಾಳ ಗಂಡನ ತಮ್ಮ ಟಾಮ್ ಫೌಲ್ 1797ರಲ್ಲಿ ವೆಸ್ಟ್ ಇಂಡೀಸಿನಲ್ಲಿ ತೀರಿಕೊಂಡ. ಮದುವೆ ರಿಜಿಸ್ಟರಿನಲ್ಲಿ ಈ ನಂಟಿನ ಸುಳಿವಿಲ್ಲ. ಆದರೆ ಉಯಿಲಿನಲ್ಲಿ ಅವಳಿಗೆ 1,000 ಪೌಂಡ್ ಬಿಟ್ಟಿದ್ದಾನೆ.

ಮುಂದೆ ಮದುವೆ ಲೈಸೆನ್ಸ್. ಮೂರು ಭಾನುವಾರ ಚರ್ಚಿನಲ್ಲಿ ಹೆಸರು ಕೂಗಿಸಿಕೊಳ್ಳುವುದು ದೊಡ್ಡ ಮನೆಯವರಿಗೆ ಸೇರುತ್ತಿರಲಿಲ್ಲ, ಲೈಸೆನ್ಸ್ ತರುತ್ತಿದ್ದರು. 1823ರವರೆಗೆ ಅದಕ್ಕೊಂದು ಜಾಮೀನು ಪತ್ರವಿರುತ್ತಿತ್ತು. ಜಾಮೀನುದಾರ ಎಷ್ಟೋ ಸಲ ನೆಂಟನೇ. ಲೈಸೆನ್ಸ್ ಸಿಕ್ಕಿತೆಂದರೆ ಮದುವೆ ನಡೆಯಿತೆಂದಲ್ಲ. ರಿಜಿಸ್ಟರಿನೊಂದಿಗೆ ತಾಳೆ ನೋಡಿ.

ಚರ್ಮದ ಹಾಳೆಯ ಮದುವೆ ಕರಾರು ಸಿಕ್ಕರೆ ಪೂರ್ತಿ ಬಿಚ್ಚುವ ಮೊದಲು ಬೆನ್ನು ಓದಿ: ತಾರೀಖು, ಪಕ್ಷದವರ ಹೆಸರು ಅಲ್ಲೇ ಇರುತ್ತವೆ. ಮಡಿಕೆಯನ್ನು ಬಲವಂತವಾಗಿ ಒತ್ತಿದರೆ ಮೇಣದ ಮುದ್ರೆ ಒಡೆಯುತ್ತದೆ. ಟಿಪ್ಪಣಿಗೆ ಪೆನ್ಸಿಲ್ ಮಾತ್ರ. ಟ್ರಸ್ಟಿಗಳ ಹೆಸರು ತಪ್ಪದೆ ಬರೆದುಕೊಳ್ಳಿ, ಹೆಣ್ಣಿನ ಕಡೆಯ ಅಣ್ಣನೋ ಚಿಕ್ಕಪ್ಪನೋ ಅಲ್ಲಿ ಸಿಗುತ್ತಾನೆ.

ಪಾದ್ರಿಗೆ ಆ ಚರ್ಚನ್ನು ಕೊಟ್ಟವರು ಯಾರೆಂದೂ ನೋಡಿ. ನೇಮಕದ ಹಕ್ಕು ಜಮೀನುದಾರನ ಆಸ್ತಿಯಾಗಿತ್ತು. ಸ್ಟೀವನ್‌ಟನ್ ಆಸ್ಟಿನ್‌ಗೆ ಸಿಕ್ಕಿದ್ದು ನೆಂಟನಾದ ಥಾಮಸ್ ನೈಟ್‌ನಿಂದ. 1540ರಿಂದ 1835ರವರೆಗಿನ ಇಂಗ್ಲೆಂಡ್ ಚರ್ಚಿನ ಪಾದ್ರಿಗಳ ಡೇಟಾಬೇಸ್ ಆನ್‌ಲೈನಿನಲ್ಲಿದೆ.

ಎಡವುವುದು ಹೆಚ್ಚಾಗಿ ಎರಡು ಕಡೆ. ಹಳೆಯ ಕಾಗದದ 'ಸನ್-ಇನ್-ಲಾ' ಅಳಿಯನೂ ಆಗಬಹುದು, ಹೆಂಡತಿಯ ಮೊದಲ ಮದುವೆಯ ಮಗನೂ ಆಗಬಹುದು. 'ಬ್ರದರ್' ಎಂದರೆ ಭಾವನೋ ಷಡ್ಡಕನೋ ಬೇರೆ ಕಾಗದದಿಂದ ಖಚಿತಪಡಿಸಿಕೊಳ್ಳಿ. ಇನ್ನು 1752ಕ್ಕೆ ಮುಂಚೆ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. 1723ರ ಏಪ್ರಿಲ್‌ನಲ್ಲಿ ಮದುವೆಯಾದವರ ಮಗುವಿಗೆ '1723ರ ಫೆಬ್ರವರಿ'ಯಲ್ಲಿ ನಾಮಕರಣವೆಂದಿದ್ದರೆ ಗಾಬರಿ ಬೇಡ, ಅದು ನಮ್ಮ ಲೆಕ್ಕದ 1724. ಟಿಪ್ಪಣಿಯಲ್ಲಿ 1723/4 ಎಂದೇ ಬರೆಯಿರಿ.

ಕಿರಿಯ ಮಗ ಬೆಂಗಳೂರಿನ ದಂಡಿನಲ್ಲಿದ್ದು ಇಲ್ಲೇ ಮದುವೆಯಾಗಿದ್ದರೆ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಮದ್ರಾಸಿನ 'ಎನ್/2' ಸರಣಿ ನೋಡಬೇಕು.