ಆರು ಸಾಲಿನಲ್ಲಿ ಮುಗಿದ ಗೆಲುವು

2024ರ ಜೂನ್ 9, ಭಾನುವಾರ. ಕ್ರೀಡಾ ಡೆಸ್ಕಿನಲ್ಲಿ ರಾತ್ರಿ ಪಾಳಿ ನನ್ನದು. ದೆಹಲಿಯಲ್ಲಿ ಮೋದಿಯವರ ಮೂರನೇ ಪ್ರಮಾಣವಚನ, ನ್ಯೂಯಾರ್ಕಿನಲ್ಲಿ ಟಿ20 ವಿಶ್ವಕಪ್ಪಿನ ಭಾರತ–ಪಾಕಿಸ್ತಾನ ಪಂದ್ಯ, ಪ್ಯಾರಿಸ್ಸಿನಲ್ಲಿ ಅಲ್ಕರಾಜ್–ಜ್ವೆರೆವ್ ಟೆನಿಸ್ ಫೈನಲ್. ಅವತ್ತೇ ಬೆಳಗಿನ ಜಾವ ಅಮೆರಿಕದ ಲೂಯಿವಿಲ್‌ನಲ್ಲಿ ಪೂಜಾ ತೋಮರ್ ಗೆದ್ದಿದ್ದರು. ಹೊಡೆತ, ಒದೆತ, ಕುಸ್ತಿಯ ಪಟ್ಟು ಎಲ್ಲವೂ ಸೇರಿದ ಮಿಶ್ರ ಸಮರಕಲೆಯ (ಎಂಎಂಎ) ದೊಡ್ಡ ವೇದಿಕೆಯಾದ ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆ, ಉತ್ತರಪ್ರದೇಶದ ಮುಜಫ್ಫರ್‌ನಗರ ಜಿಲ್ಲೆಯ ಹೆಣ್ಣುಮಗಳು. ಮಾರನೇ ದಿನ ನಮ್ಮ ಪತ್ರಿಕೆಯಲ್ಲಿ ಅದಕ್ಕೆ ಸಿಕ್ಕಿದ್ದು ಸಿಂಗಲ್ ಕಾಲಂನ ಆರು ಸಾಲು. ಬರೆದವಳು ನಾನೇ.

ಜಾಗ ಇರಲಿಲ್ಲ, ಒಪ್ಪುತ್ತೇನೆ. ನನ್ನನ್ನು ಕೊರೆದದ್ದು ಬೇರೆ: ಆ ಆರು ಸಾಲಿನಲ್ಲೂ ಸುದ್ದಿ ಇರಲಿಲ್ಲ. ಏಜೆನ್ಸಿ ಕಾಪಿಯಲ್ಲಿದ್ದ 'ಸ್ಪ್ಲಿಟ್ ಡಿಸಿಷನ್' ಅನ್ನು 'ವಿಭಜಿತ ತೀರ್ಪಿನಲ್ಲಿ ಗೆಲುವು' ಎಂದು ಬರೆದು ಪುಟಕ್ಕೆ ಕಳಿಸಿದ್ದೆ. ಆಮೇಲೆ ಮೂವರು ತೀರ್ಪುಗಾರರ ಅಂಕಪಟ್ಟಿ ನೋಡಿದೆ: 30–27, 27–30, 29–28. ಐದೈದು ನಿಮಿಷದ ಮೂರು ಸುತ್ತು, ಸುತ್ತು ಗೆದ್ದವರಿಗೆ 10, ಸೋತವರಿಗೆ ಸಾಮಾನ್ಯವಾಗಿ 9. ಅಂದರೆ ಒಬ್ಬ ತೀರ್ಪುಗಾರರ ಕಣ್ಣಿಗೆ ಮೂರೂ ಸುತ್ತು ಪೂಜಾ ಅವರದು, ಇನ್ನೊಬ್ಬರ ಕಣ್ಣಿಗೆ ಮೂರೂ ಸುತ್ತು ಬ್ರೆಜಿಲ್‌ನ ರೇಯಾನ್ ಡೊಸ್ ಸಾಂಟೋಸ್ ಅವರದು. ಮೂರನೆಯವರ ಒಂದೇ ಒಂದು ಅಂಕದ ಮೇಲೆ ಗೆಲುವು ನಿಂತಿತ್ತು. ಇಂಥ ಕಥೆ ಕೈಯಲ್ಲಿದ್ದೂ ನಾನು ಹೇಳಲಿಲ್ಲ, ಯಾಕೆಂದರೆ ನನಗೇ ಗೊತ್ತಿರಲಿಲ್ಲ.

ಡೆಸ್ಕಿನ ಹಿರಿಯರೊಬ್ಬರು ದಾವಣಗೆರೆಯವರು, ಕುಸ್ತಿ ನೋಡುತ್ತಲೇ ಬೆಳೆದವರು. "ಏನಮ್ಮ, ಇದೂ ಡಬ್ಲ್ಯುಡಬ್ಲ್ಯುಇ ಥರಾನೇ ಅಲ್ವಾ?" ಎಂದು ಕೇಳಿದರು. "ಅಲ್ಲ ಸರ್, ಅದು ಮೊದಲೇ ಬರೆದಿಟ್ಟ ಆಟ, ಇದು ನಿಜವಾದ ಸ್ಪರ್ಧೆ" ಎಂದೆನೇ ಹೊರತು ಅದಕ್ಕಿಂತ ಮುಂದೆ ವಿವರಿಸಲು ನನ್ನಲ್ಲಿ ಮಾತಿರಲಿಲ್ಲ.

ಮಾತು ಹುಡುಕಲೆಂದೇ ಇಂದಿರಾನಗರದ ಒಂದು ಜಿಮ್ಮಿಗೆ ಸೇರಿದೆ. ನಾಲ್ಕು ತಿಂಗಳು, ವಾರಕ್ಕೆರಡು ಬೆಳಗ್ಗೆ ಜಿಯು-ಜಿಟ್ಸು, ಅಂದರೆ ನೆಲದ ಮೇಲೆ ಹಿಡಿತ–ಪಟ್ಟುಗಳಿಂದ ಹೋರಾಡುವ ವಿದ್ಯೆ. ಮೊದಲ ವಾರವೇ ಕತ್ತಿಗೆ ಪಟ್ಟು ಬಿತ್ತು. ನಾವು ಪತ್ರಿಕೆಯಲ್ಲಿ 'ಉಸಿರುಗಟ್ಟಿಸಿ ಗೆದ್ದರು' ಎಂದು ಬರೆಯುತ್ತಿದ್ದೆವಲ್ಲ, ಅದು ತಪ್ಪು. ಸರಿಯಾಗಿ ಹಾಕಿದ ಪಟ್ಟು ಒತ್ತುವುದು ಕತ್ತಿನ ಎರಡೂ ಬದಿಯ ರಕ್ತನಾಳಗಳನ್ನು. ಉಸಿರಾಡಲು ಆಗುತ್ತಿರುತ್ತದೆ, ಆದರೆ ಮಿದುಳಿಗೆ ರಕ್ತ ಹೋಗದೆ ಕೆಲವೇ ಸೆಕೆಂಡಿನಲ್ಲಿ ಕಣ್ಣು ಕತ್ತಲಿಟ್ಟುಕೊಂಡು ಬರುತ್ತದೆ. ಅಷ್ಟರೊಳಗೆ ಎದುರಾಳಿಯ ಮೈ ತಟ್ಟಬೇಕು, ತಟ್ಟಿದ ಕೂಡಲೇ ಅವರು ಬಿಡುತ್ತಾರೆ. ಆ ನಂಬಿಕೆಯ ಮೇಲೆ ಇಡೀ ಆಟ ನಡೆಯುತ್ತದೆ. 'ಶರಣಾದರು' ಎಂಬ ಪದವನ್ನು ಅವತ್ತಿನಿಂದ ಬಿಟ್ಟೆ. 'ತಟ್ಟಿ ಸೋಲೊಪ್ಪಿದರು' ಎಂದು ಬರೆಯುತ್ತೇನೆ.

ಉಳಿದ ಪದಗಳು ಸಿಕ್ಕಿದ್ದು ತಿಗಳರಪೇಟೆ ಕಡೆಯ ಗರಡಿಮನೆಯಲ್ಲಿ. ಮೊಬೈಲಿನಲ್ಲಿ ಒಂದಿಷ್ಟು ಪಂದ್ಯಗಳನ್ನು ಅಲ್ಲಿನ ಉಸ್ತಾದರಿಗೆ ತೋರಿಸಿದೆ. "ನೋಡಮ್ಮ, ಸೊಂಟ ಕೈಗೆ ಸಿಕ್ತು, ಇನ್ನು ನಿಲ್ಲಕ್ಕಾಗಲ್ಲ" ಎಂದರು. ಮರುಕ್ಷಣ ವಿಡಿಯೊದಲ್ಲಿದ್ದ ಆಟಗಾರ ಕೆಳಗೆ ಬಿದ್ದ. ಆದರೆ ಬಿದ್ದ ಮೇಲೂ ಆಟ ಮುಂದುವರಿದದ್ದು ಅವರಿಗೆ ಒಗ್ಗಲಿಲ್ಲ. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಮುಗಿಯಿತು. ಇಲ್ಲಿ ಬೆನ್ನ ಮೇಲೆ ಮಲಗಿದವರೂ ಗೆಲ್ಲಬಹುದು. 1993ರ ನವೆಂಬರಿನಲ್ಲಿ ಡೆನ್ವರ್‌ನಲ್ಲಿ ಮೊದಲ ಯುಎಫ್‌ಸಿ ನಡೆದಾಗ ಬ್ರೆಜಿಲ್‌ನ ಜಿಯು-ಜಿಟ್ಸು ಪಟು ರೊಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲಿಸಿ, ನೆಲದ ಮೇಲಿನ ಈ ವಿದ್ಯೆ ಏನೆಂದು ಜಗತ್ತಿಗೆ ತೋರಿಸಿದ್ದರು. ಕನ್ನಡದ ಓದುಗರಿಗೆ ವಿವರಿಸಬೇಕಾದ ದೊಡ್ಡ ವ್ಯತ್ಯಾಸ ಇದೊಂದೇ ಎಂದು ನನಗೆ ಅವತ್ತು ಹೊಳೆಯಿತು. ಪಟ್ಟು, ಹಿಡಿತ, ಕೆಡವುವುದು, ಜಾರಿಕೊಳ್ಳುವುದು, ಎಲ್ಲವೂ ನಮ್ಮಲ್ಲಿ ಮೊದಲೇ ಇವೆ.

ರಕ್ತದ ಮಾತು ಬಂದೇ ಬರುತ್ತದೆ. ಅಮೆರಿಕದ ಸೆನೆಟರ್ ಜಾನ್ ಮೆಕೇನ್ ಇದನ್ನು ಮನುಷ್ಯರ ಕೋಳಿ ಅಂಕ ಎಂದು ಕರೆದಿದ್ದರು. ಆಮೇಲೆ ತೂಕದ ವಿಭಾಗ, ಸುತ್ತು, ನಿಷೇಧಿತ ಹೊಡೆತಗಳ ಪಟ್ಟಿ ಬಂದವು. 2011ರಲ್ಲಿ ಫಾಕ್ಸ್, 2019ರಲ್ಲಿ ಇಎಸ್‌ಪಿಎನ್ ಪ್ರಸಾರಕ್ಕೆ ಇಳಿದವು. ನಮ್ಮ ಪುಟದ ಮೀಟಿಂಗಿನಲ್ಲಿ ಮಾತ್ರ "ಮನೆಮಂದಿ ಓದೋ ಪೇಪರ್ರು" ಎಂಬ ಆಕ್ಷೇಪ ಹಾಗೇ ಇತ್ತು. ನಾನು ದಸರಾ ನೆನಪಿಸಿದೆ. ವಿಜಯದಶಮಿಯ ದಿನ ಮೈಸೂರು ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆದರೆ, ರಕ್ತ ಚಿಮ್ಮಿದಾಗಲೇ ಅದು ಮುಗಿಯುವುದು. ಅದನ್ನು ನಾವು ಗೌರವದಿಂದ ಬರೆಯುತ್ತೇವೆ, ಬರೆಯಬೇಕು ಕೂಡ, ಏಕೆಂದರೆ ಅದರ ಹಿಂದಿನ ಸಾಧನೆ ನಮಗೆ ಗೊತ್ತು. ಹಾಗೆಂದು ರಕ್ತಸಿಕ್ತ ಮುಖದ ಫೋಟೊ ಹಾಕಬೇಕಿಲ್ಲ. ಏಜೆನ್ಸಿ ಕಳಿಸುವ ಹತ್ತರಲ್ಲಿ ಪಟ್ಟು ಕಾಣುವ ಒಂದಾದರೂ ಇರುತ್ತದೆ. ನಾನು ಅದನ್ನೇ ಆರಿಸುತ್ತೇನೆ.

ಊರಿನ ಸ್ಪರ್ಧೆಗಳ ಪತ್ರಿಕಾ ಪ್ರಕಟಣೆಗಳಲ್ಲಿ ಎಲ್ಲರೂ 'ನ್ಯಾಷನಲ್ ಚಾಂಪಿಯನ್ನರೇ'. ಯಾವ ಸಂಸ್ಥೆ, ಯಾವ ತೂಕ, ಆ ವಿಭಾಗದಲ್ಲಿ ಎಷ್ಟು ಜನ ಇದ್ದರು ಎಂದು ಫೋನ್ ಮಾಡಿ ಕೇಳುತ್ತೇನೆ. ವೃತ್ತಿಪರ ದಾಖಲೆಯಾದರೆ ಪಂದ್ಯಗಳ ದಾಖಲೆ ಇಡುವ ಶೆರ್‌ಡಾಗ್, ಟ್ಯಾಪಾಲಜಿ ಎಂಬ ಎರಡೂ ಜಾಲತಾಣಗಳಲ್ಲಿ ತಾಳೆ ನೋಡುತ್ತೇನೆ.

2025ರ ಮಾರ್ಚ್ 22ರ ರಾತ್ರಿ ಲಂಡನ್ನಿನಲ್ಲಿ ಪೂಜಾ ಮತ್ತೆ ಕಣಕ್ಕಿಳಿದರು. ಅದೇ ರಾತ್ರಿ ಈಡನ್ ಗಾರ್ಡನ್ಸ್‌ನಲ್ಲಿ ಐಪಿಎಲ್ ಶುರು. ಆರ್‌ಸಿಬಿ ಏಳು ವಿಕೆಟ್‌ಗಳಿಂದ ಗೆದ್ದಿತ್ತು, ಕೊಹ್ಲಿ ಔಟಾಗದೆ 59. ಬೆಂಗಳೂರಿನ ಪತ್ರಿಕೆಯಲ್ಲಿ ಅವತ್ತು ಬೇರೆ ಯಾವ ಸುದ್ದಿಗೂ ಜಾಗ ಕೇಳುವ ಹಾಗಿರಲಿಲ್ಲ. ಪೂಜಾ ಎರಡನೇ ಸುತ್ತಿನಲ್ಲಿ ಐರ್ಲೆಂಡಿನ ಶೌನಾ ಬ್ಯಾನನ್ ಎದುರು ತೋಳಿನ ಪಟ್ಟಿಗೆ (ಆರ್ಮ್‌ಬಾರ್) ಸಿಕ್ಕಿ ಸೋತರು. ಎದುರಾಳಿಯ ತೋಳನ್ನು ನೀಳವಾಗಿ ಹಿಡಿದು ಮೊಣಕೈಯನ್ನು ಹಿಮ್ಮುಖವಾಗಿ ಒತ್ತುವ ಪಟ್ಟು ಅದು. ತಟ್ಟದಿದ್ದರೆ ಕೀಲು ಹೋಗುತ್ತದೆ. ಹಾಗೆಯೇ ಬರೆದೆ, ಹದಿನಾಲ್ಕು ಸಾಲು.

ದಾವಣಗೆರೆಯ ಹಿರಿಯರು ಓದಿ, 'ವೀರೋಚಿತ' ಎಂಬ ಪದ ಹೊಡೆದುಹಾಕಿದರು. "ಇದು ಬ್ಯಾಡ, ಪಟ್ಟು ಕಾಣ್ತದಲ್ಲ, ಸಾಕು" ಎಂದು, ಸಿಟಿ ಎಡಿಷನ್ನಿನ ಆರ್‌ಸಿಬಿ ಸ್ಕೋರ್‌ಕಾರ್ಡಿನ ಪಕ್ಕದಲ್ಲಿ ಹದಿನಾಲ್ಕೂ ಸಾಲಿಗೆ ಜಾಗ ಮಾಡಿಕೊಟ್ಟರು.